ಪಠ್ಯಕ್ರಮ ಬದಲಾದಾಗ ಪಿ.ಟಿ. ಮೇಷ್ಟ್ರ ಜೊತೆ ನಿಂತವರು ಯಾರು?

ರಾಷ್ಟ್ರೀಯ ಶಿಕ್ಷಣ ನೀತಿ 2020 ಬಂದಮೇಲೆ ದೈಹಿಕ ಶಿಕ್ಷಣದ ಬಗ್ಗೆ ಮಾತಾಡುವವರು ಹೆಚ್ಚಾಗಿದ್ದಾರೆ. ವಿಚಾರ ಸಂಕಿರಣಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ಪಠ್ಯಕ್ರಮವೇನೋ ಚೆನ್ನಾಗಿದೆ, ಆದರೆ ಪ್ರೌಢಶಾಲೆಯ ದೈಹಿಕ ಶಿಕ್ಷಕರು ಬದಲಾವಣೆಗೆ ಒಗ್ಗುವವರಲ್ಲ, ಸೀಟಿ ಮತ್ತು ಕವಾಯತು ಇದ್ದರೆ ಅವರಿಗೆ ಸಾಕು. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಮೈದಾನಕ್ಕೆ ಇಳಿದವರಲ್ಲ, ಆ ವಿಷಯ ಇರಲಿ. ಬಿ.ಪಿ.ಎಡ್. ಕಾಲೇಜಿನಲ್ಲಿ ಪಾಠ ಹೇಳುತ್ತ, ಸೇವಾನಿರತರ ತರಬೇತಿಗಳಿಗೆ ಸಂಪನ್ಮೂಲ ವ್ಯಕ್ತಿಯಾಗಿ ಓಡಾಡುತ್ತ ಬಂದ ನನಗೆ ಈ ಕ್ಷೇತ್ರದ ಚರಿತ್ರೆ ಬೇರೆ ಥರ ಕಾಣುತ್ತದೆ. ಸಮಿತಿಗಳು, ವರದಿಗಳು, ಪಠ್ಯಪುಸ್ತಕಗಳ ಲೆಕ್ಕ ನಮ್ಮ ಬಳಿ ಇದೆ. ಅವನ್ನೆಲ್ಲ ಮಕ್ಕಳ ತನಕ ಒಯ್ಯಬೇಕಾದ ಮೇಷ್ಟ್ರಿಗೆ ಯಾವಾಗ ಯಾರು ನೆರವಾದರು ಎಂಬುದನ್ನು ಮಾತ್ರ ಯಾರೂ ಕೂತು ಬರೆದಿಲ್ಲ.

ಮೊದಲ ಘಟ್ಟಗಳನ್ನು ಬೇಗ ಹೇಳಿ ಮುಗಿಸಬಹುದು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಕಟ್ಟಿದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಕಡೆಯವರಿಗೆ 1938ರಲ್ಲಿ ಶುರುವಾದ ಕಾಂದಿವಲಿಯ ಸಂಸ್ಥೆ ಹತ್ತಿರವಾಗಿತ್ತು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಹೆಸರು ಮಾಡಿತ್ತು, ನಿಜ. ಅದು ಶಾಲೆಯ ಕಾಂಪೌಂಡಿನ ಆಚೆಗಿನ ಕಥೆ. ಸ್ವಾತಂತ್ರ್ಯದ ನಂತರ 1954ರಲ್ಲಿ ಜನರಲ್ ಜೆ.ಕೆ. ಭೋಂಸ್ಲೆ ಅವರ ರಾಷ್ಟ್ರೀಯ ಶಿಸ್ತು ಯೋಜನೆ, 1956ರಲ್ಲಿ ದೈಹಿಕ ಶಿಕ್ಷಣ ಮತ್ತು ಮನರಂಜನೆಯ ರಾಷ್ಟ್ರೀಯ ಯೋಜನೆ, 1957ರಲ್ಲಿ ಗ್ವಾಲಿಯರ್‌ನ ಲಕ್ಷ್ಮೀಬಾಯಿ ಕಾಲೇಜು, ಕುಂಜ್ರು ಸಮಿತಿಯ ಶಿಫಾರಸಿನಂತೆ 1965ರಲ್ಲಿ ರಾಷ್ಟ್ರೀಯ ಫಿಟ್‌ನೆಸ್ ಕೋರ್ ಒಂದರ ಹಿಂದೊಂದು ಬಂದವು. ಎಲ್ಲದರಲ್ಲೂ ಮೇಲಿನಿಂದ ಆದೇಶ, ಕೆಳಗೆ ಪಾಲನೆ. ಆ ಕಾಲದ ಗುರುತಾಗಿ ‘ಸಾವಧಾನ್, ವಿಶ್ರಾಮ್’ ನಮ್ಮ ಪ್ರಾರ್ಥನಾ ಸಾಲುಗಳಲ್ಲಿ ಇವತ್ತಿಗೂ ಉಳಿದುಕೊಂಡಿದೆ.

ಇವುಗಳ ನಡುವೆ ಒಂದು ಎಚ್ಚರದ ಮಾತು ಬಂದಿತ್ತು. 1964-66ರ ಕೊಠಾರಿ ಆಯೋಗ, ಸರ್ಕಾರದ ಯೋಜನೆಗಳು ದೇಹದಾರ್ಢ್ಯವನ್ನಷ್ಟೇ ಎತ್ತಿಹಿಡಿದು ದೈಹಿಕ ಶಿಕ್ಷಣದ ಶೈಕ್ಷಣಿಕ ಮೌಲ್ಯವನ್ನು ಮರೆಯುತ್ತಿವೆ ಎಂದು ಗುರುತಿಸಿತು. ಇವತ್ತು ಮೊಬೈಲಿನಲ್ಲಿ ಮಕ್ಕಳ ಎತ್ತರ, ತೂಕ, ಓಟದ ಸೆಕೆಂಡು ತುಂಬಿಸುವುದನ್ನೇ ದೈಹಿಕ ಶಿಕ್ಷಣದ ಸುಧಾರಣೆ ಎನ್ನುವವರು ಆ ಪುಟಗಳನ್ನೊಮ್ಮೆ ತೆರೆದು ನೋಡಬಹುದು.

1975ರಲ್ಲಿ ರಾಜ್ಯಕ್ಕೆ ಶಿಕ್ಷಣ ಸಂಶೋಧನೆ, ತರಬೇತಿಗೆಂದೇ ಡಿ.ಎಸ್.ಇ.ಆರ್.ಟಿ. ಬಂತು. 1986ರ ನೀತಿ ಆಟೋಟ ಮತ್ತು ದೈಹಿಕ ಶಿಕ್ಷಣವನ್ನು ಕಲಿಕೆಯ ಅವಿಭಾಜ್ಯ ಅಂಗ ಎಂದು ಕರೆಯಿತು. ಅದೇ ನೀತಿಯ ಕೂಸಾದ ಡಯಟ್‌ಗಳ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಗಮನ ಪ್ರಾಥಮಿಕ ಶಿಕ್ಷಣದ ಮೇಲಿತ್ತು. ಪ್ರೌಢಶಾಲೆಯ ಗಣಿತ, ವಿಜ್ಞಾನದವರಿಗೆ ಹೇಗೋ ಒಂದು ದಾರಿ ಸಿಕ್ಕಿತು. ಪಿ.ಟಿ. ಮೇಷ್ಟ್ರು ನಡುವೆ ಉಳಿದರು. ಶಾಲೆಗೊಬ್ಬರೇ ಇರುವ ಶಿಕ್ಷಕ ಅವರು. ಪಕ್ಕದ ಕುರ್ಚಿಯಲ್ಲಿ ಅದೇ ವಿಷಯದವರು ಇನ್ನೊಬ್ಬರಿಲ್ಲ, ‘ಈ ಪಾಠ ನೀವು ಹೇಗೆ ಮಾಡಿದಿರಿ’ ಎಂದು ಕೇಳಲು ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲ. ನೆರವಿನ ಯಾವ ಯೋಜನೆ ಹಾಕುವವರೂ ಮೊದಲು ನೋಡಬೇಕಾದದ್ದು ಈ ಒಂಟಿತನವನ್ನು.

ನಮ್ಮ ತಲೆಮಾರಿನ ಕಾಲಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಪಾಠ ಮಾಡುವ ಶೈಲಿಗಳು ಹಲವು, ನಿರ್ಧಾರ ಯಾವಾಗಲೂ ಮೇಷ್ಟ್ರದೇ ಆಗಬೇಕಿಲ್ಲ ಎಂದು ಮಸ್ಕಾ ಮಾಸ್ಟನ್ 1966ರಲ್ಲೇ ಬರೆದಿದ್ದರು. 1982ರಲ್ಲಿ ಇಂಗ್ಲೆಂಡಿನ ಲಫ್‌ಬರೋದಿಂದ ಡೇವಿಡ್ ಬಂಕರ್ ಮತ್ತು ರಾಡ್ ಥಾರ್ಪ್ ಇನ್ನೊಂದು ಹೆಜ್ಜೆ ಮುಂದಿಟ್ಟರು: ಕೌಶಲವನ್ನು ಬಿಡಿಬಿಡಿಯಾಗಿ ಉರು ಹೊಡೆಸಿ ಕೊನೆಗೆ ಆಟ ಆಡಿಸುವ ಬದಲು, ಮೊದಲು ಚಿಕ್ಕದು ಮಾಡಿದ ಆಟ ಆಡಿಸಿ, ಮಕ್ಕಳು ಅದರಲ್ಲಿ ಸಿಕ್ಕಿಕೊಳ್ಳುವ ಸಮಸ್ಯೆಯಿಂದ ಕೌಶಲಕ್ಕೆ ಬನ್ನಿ ಎಂದರು. ನಮಗೆ ಇದೆಲ್ಲ ತಡವಾಗಿ, ಸೈಕ್ಲೋಸ್ಟೈಲ್ ಹಾಳೆಗಳಲ್ಲಿ ಬಂತು. ನಾವು ಕೆಲವರು ಅದನ್ನು ಹಿಡಿದುಕೊಂಡೆವು. ಈ ದಾರಿಯ ಮೇಲೆ ನನಗೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ.

ಅದರ ಪಾಠ ಹೇಗಿರುತ್ತದೆ ನೋಡಿ. ಒಂಬತ್ತನೇ ತರಗತಿ, ನಲವತ್ತಕ್ಕೂ ಹೆಚ್ಚು ಮಕ್ಕಳು, ಖೋ ಖೋ. ಹಳೆಯ ಕ್ರಮದಲ್ಲಾದರೆ ಒಂದೇ ಅಂಕಣ. ಒಂಬತ್ತು ಜನ ಅಟ್ಟಿಸುವವರು, ಓಡುವವರು ಒಮ್ಮೆಗೆ ಮೂವರು, ಉಳಿದವರು ಗೆರೆಯಾಚೆ ಮಣ್ಣು ಕೆದಕುತ್ತ ಕೂರುವವರು. ಒಬ್ಬ ಶಿಕ್ಷಕರು ಸುಣ್ಣದ ಪುಡಿಯಲ್ಲಿ ನಾಲ್ಕು ಚಿಕ್ಕ ಅಂಕಣ ಎಳೆದರು. ಕಂಬ ಇರಲಿಲ್ಲ, ಎರಡೂ ತುದಿಗೆ ಒಬ್ಬೊಬ್ಬ ಹುಡುಗಿಯೇ ಕಂಬವಾಗಿ ನಿಂತಳು. ಐದು ಜನ ಸಾಲಿನಲ್ಲಿ ಕೂತರು, ಒಬ್ಬರು ಆ ಕಡೆ, ಇನ್ನೊಬ್ಬರು ಈ ಕಡೆ ಮುಖ ಮಾಡಿ. ಮೂರು ನಿಮಿಷ ಆಟ. ಆಮೇಲೆ ಸೀಟಿ. ಮೇಷ್ಟ್ರು ಕೇಳಿದ್ದು ಒಂದೇ: ‘ಅಟ್ಟಿಸುವವಳು ಸಾಲು ದಾಟುವ ಹಾಗಿಲ್ಲ, ಓಡುವವಳು ಮಾತ್ರ ಸಂದಿಯಲ್ಲಿ ನುಸುಳಿ ಆ ಕಡೆ ಹೋದಳು. ಈಗ ಖೋ ಯಾರಿಗೆ?’ ಮೊದಲು ಗದ್ದಲ. ‘ಹತ್ತಿರ ಇರುವವಳಿಗೆ’ ಎಂದರು ಕೆಲವರು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಬ್ಬಳು, ‘ಅಲ್ಲ ಸಾರ್, ಆ ಕಡೆ ಮುಖ ಮಾಡಿ ಕೂತವಳಿಗೆ ಕೊಡಬೇಕು’ ಅಂದಳು. ಮತ್ತೆ ಆಟ, ಈ ಸಲ ಖೋ ಕೊಡುವ ಮುಂಚೆ ಎಲ್ಲರ ಕಣ್ಣೂ ಕೂತವರ ಮುಖದ ದಿಕ್ಕು ಹುಡುಕುತ್ತಿತ್ತು. ಏಳುವ ಭಂಗಿ, ತಿರುಗುವ ಹೆಜ್ಜೆ ಹೇಳಿಕೊಟ್ಟದ್ದು ಅದಾದಮೇಲೆ, ಮಕ್ಕಳೇ ಕೇಳಿದಾಗ.

ಆ ಶಿಕ್ಷಕರು ಇದನ್ನು ಯಾವ ಕೈಪಿಡಿಯಿಂದಲೂ ಕಲಿತಿರಲಿಲ್ಲ. ಪಕ್ಕದ ಊರಿನ ಶಾಲೆಯ ಮೇಷ್ಟ್ರು ಒಂದು ಶನಿವಾರ ಬಂದು ಮಾಡಿ ತೋರಿಸಿದ್ದರು, ಇವರು ಮುಂದಿನ ವಾರ ಮಾಡಿದಾಗ ಕಟ್ಟೆಯ ಮೇಲೆ ಕೂತು ನೋಡಿದ್ದರು, ಆಮೇಲೆ ಇಬ್ಬರೂ ಚಹಾ ಕುಡಿಯುತ್ತ ‘ಮೂರನೇ ಅಂಕಣದಲ್ಲಿ ಯಾಕೆ ಕೆಟ್ಟಿತು’ ಎಂದು ಮಾತಾಡಿದ್ದರು. ನಾನು ಕಂಡ ಮಟ್ಟಿಗೆ ಪಾಠದ ರೀತಿಯನ್ನು ನಿಜವಾಗಿ ಬದಲಿಸಿದ ನೆರವು ಇಂಥದ್ದೇ. ಇದಕ್ಕೆ ಹಣ ಬೇಕಾಗಲಿಲ್ಲ. ಬೇಕಾದದ್ದು ಒಂದು ಶನಿವಾರದ ಒ.ಒ.ಡಿ., ಅಂದರೆ ಅನ್ಯ ಕರ್ತವ್ಯದ ಅನುಮತಿ. ಅದು ಸಿಗುವುದೇ ಕಷ್ಟವಾಗಿತ್ತು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರೋಗ್ಯ, ಯೋಗ, ದೈಹಿಕ ಶಿಕ್ಷಣವನ್ನು ಒಟ್ಟಿಗೆ ನೋಡಿತು, ಹತ್ತನೇ ತರಗತಿವರೆಗೆ ಕಡ್ಡಾಯ ಎಂದಿತು. ಅದರ ಬೆನ್ನಿಗೆ ರಾಜ್ಯದ 2007ರ ಚೌಕಟ್ಟು, 2012ರಿಂದ ಮುಂದೆ ಹೊಸ ಪಠ್ಯಪುಸ್ತಕಗಳು, ಜೊತೆಗೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ. ದೈಹಿಕ ಶಿಕ್ಷಣಕ್ಕೂ ಪುಸ್ತಕ ಬಂದದ್ದು ಗೌರವದ ಸಂಗತಿ ಎಂದು ಹಲವರು ಸಂತೋಷಪಟ್ಟರು. ನನಗೆ ಅಷ್ಟು ಸಂತೋಷವಾಗಲಿಲ್ಲ. ಅಂಕಣದ ಅಳತೆ, ನಿಯಮ, ಆಟದ ಇತಿಹಾಸ ಪುಸ್ತಕಕ್ಕೆ ಬಂದಮೇಲೆ ಮಳೆ ಇಲ್ಲದ ದಿನವೂ ಮಕ್ಕಳು ಕೊಠಡಿಯಲ್ಲೇ ಕೂತು ನೋಟ್ಸ್ ಬರೆಯುವುದನ್ನು ಕಂಡೆ. ಮೇಷ್ಟ್ರ ಕೈಗೆ ಬಂದದ್ದು ಶ್ರೇಣಿ ತುಂಬುವ ನಮೂನೆಗಳು. ತರಬೇತಿ ನಡೆಯಿತು; ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುವಷ್ಟರಲ್ಲಿ ಮೂರು ದಿನದ್ದು ಒಂದು ದಿನಕ್ಕೆ ಬಂದಿತ್ತು. ಒಂದು ತಾಲ್ಲೂಕಿನಲ್ಲಿ ಸಭಾಂಗಣದ ಫ್ಯಾನಿನಡಿ ಬೆಳಿಗ್ಗೆಯಿಂದ ಸಂಜೆವರೆಗೆ ಪಿ.ಪಿ.ಟಿ. ತೋರಿಸಿದರು. ಕಿಟಕಿಯಾಚೆ ದೊಡ್ಡ ಮೈದಾನ ಖಾಲಿ ಬಿದ್ದಿತ್ತು. ಹಾಜರಾತಿ ಸಹಿ, ಊಟ, ಟಿ.ಎ. ಬಿಲ್ಲು, ಗುಂಪು ಫೋಟೋ. ಮೈದಾನಕ್ಕೆ ಇಳಿದದ್ದು ಫೋಟೋಕ್ಕೆ ಮಾತ್ರ.

ಇದೇ ಹೊತ್ತಿಗೆ 2009ರಲ್ಲಿ ಶುರುವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದ (ಆರ್.ಎಂ.ಎಸ್.ಎ.) ಅಡಿಯಲ್ಲಿ ಪ್ರೌಢಶಾಲೆಗಳಿಗೆ ವಿಷಯ ಶಿಕ್ಷಕರ ವೇದಿಕೆಗಳು ಹುಟ್ಟಿದವು. ಶಿಕ್ಷಕರೇ ಶಿಕ್ಷಕರಿಗೆ ಕಲಿಸುವ, ಇ-ಮೇಲ್ ಗುಂಪುಗಳಲ್ಲಿ ಸಂಪನ್ಮೂಲ ಹಂಚಿಕೊಳ್ಳುವ ಒಳ್ಳೆಯ ಪ್ರಯೋಗ. ಗಣಿತ, ವಿಜ್ಞಾನದಿಂದ ಶುರುವಾಗಿ ಸಮಾಜ ವಿಜ್ಞಾನಕ್ಕೆ ಹಬ್ಬಿತು. ಒಂಟಿಯಾಗಿರುವವರಿಗೇ ವೇದಿಕೆ ಎಲ್ಲರಿಗಿಂತ ಮೊದಲು ಬೇಕಿತ್ತು ಎಂದು ಯಾರಿಗೂ ಹೊಳೆಯಲಿಲ್ಲ. ದೈಹಿಕ ಶಿಕ್ಷಕರು ಕೊನೆಗೆ ತಾವೇ ವಾಟ್ಸಾಪ್ ಗುಂಪು ಮಾಡಿಕೊಂಡರು. ಅಲ್ಲಿ ಪಾಠದ ಮಾತಿಗಿಂತ ಕ್ರೀಡಾಕೂಟದ ದಿನಾಂಕ, ದೈಹಿಕ ಶಿಕ್ಷಕರ ಸ್ಥಾನಮಾನ ಕುರಿತ ವೈದ್ಯನಾಥನ್ ವರದಿ ಜಾರಿಯ ಹೋರಾಟದ ಸುದ್ದಿಯೇ ಜಾಸ್ತಿ. ತಪ್ಪೇನಿಲ್ಲ. ಬಡ್ತಿ, ಸಹಶಿಕ್ಷಕರ ಸಮಾನ ಸ್ಥಾನ ಸಿಗದವರಿಗೆ ಬೋಧನಾ ವಿಧಾನದ ಉಪದೇಶ ರುಚಿಸುವುದಾದರೂ ಹೇಗೆ? ಅವರು ಕ್ರೀಡಾಕೂಟ ಬಹಿಷ್ಕರಿಸಿದಾಗ ಪತ್ರಿಕೆಗಳು ಮಕ್ಕಳಿಗಾಗುವ ನಷ್ಟ ಬರೆದವು. ಸ್ಥಾನಮಾನಕ್ಕೂ ಪಠ್ಯಕ್ರಮಕ್ಕೂ ಇರುವ ನಂಟನ್ನು ಬರೆದದ್ದು ಕಡಿಮೆ.

ಈಚಿನದ್ದನ್ನು ಎಲ್ಲರೂ ಬಲ್ಲರು. 2018ರಲ್ಲಿ ಸಿ.ಬಿ.ಎಸ್.ಇ. ಒಂಬತ್ತರಿಂದ ಹನ್ನೆರಡರವರೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಕಡ್ಡಾಯ ಮಾಡಿತು. ಅದೇ ವರ್ಷದ ಸಮಗ್ರ ಶಿಕ್ಷಾ ಪ್ರೌಢಶಾಲೆಗೆ ವರ್ಷಕ್ಕೆ 25,000 ರೂಪಾಯಿವರೆಗೆ ಕ್ರೀಡಾ ಅನುದಾನ ಇಟ್ಟಿತು. ಚೆಂಡು, ನೆಟ್ಟು ಬಂದವು, ಒಳ್ಳೆಯದೇ. 2023ರ ಶಾಲಾ ಶಿಕ್ಷಣದ ರಾಷ್ಟ್ರೀಯ ಚೌಕಟ್ಟು ‘ದೈಹಿಕ ಶಿಕ್ಷಣ ಮತ್ತು ಯೋಗಕ್ಷೇಮ’ವನ್ನು ಪ್ರತ್ಯೇಕ ಪಠ್ಯಕ್ಷೇತ್ರವಾಗಿ ಬರೆದಿದೆ, 2024ರಲ್ಲಿ ಆರನೇ ತರಗತಿಗೆ ‘ಖೇಲ್ ಯಾತ್ರಾ’ ಎಂಬ ಎನ್.ಸಿ.ಇ.ಆರ್.ಟಿ. ಪುಸ್ತಕ ಬಂದಿದೆ. ಕರ್ನಾಟಕ ತನ್ನದೇ ದಾರಿ ಹುಡುಕುತ್ತಿದೆ. ರಾಜ್ಯ ಶಿಕ್ಷಣ ನೀತಿಗಾಗಿ ನೇಮಿಸಿದ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ದಾರಿ ಯಾವುದಾದರೂ ಆಗಲಿ, ಹೊಸ ಪಠ್ಯಕ್ರಮವೊಂದು ಬಾಗಿಲಲ್ಲಿದೆ.

ಇಷ್ಟು ವರ್ಷಗಳಲ್ಲಿ ನಮ್ಮ ವಿಶ್ವವಿದ್ಯಾಲಯಗಳ ದೈಹಿಕ ಶಿಕ್ಷಣ ವಿಭಾಗಗಳು ಏನು ಸಂಶೋಧನೆ ಮಾಡಿದವು ಎಂದು ಕೇಳಬೇಕು. ಕಪಾಟಿನ ತುಂಬ ಮಹಾಪ್ರಬಂಧಗಳಿವೆ: ಹನ್ನೆರಡು ವಾರದ ತರಬೇತಿಯಿಂದ ಕಬಡ್ಡಿ ಆಟಗಾರರ ಕಾಲಿನ ಶಕ್ತಿ ಎಷ್ಟು ಹೆಚ್ಚಿತು, ಯೋಗದಿಂದ ವಾಲಿಬಾಲ್ ಆಟಗಾರರ ಉಸಿರು ಹಿಡಿಯುವ ಅವಧಿ ಎಷ್ಟು ಬೆಳೆಯಿತು. ಪಠ್ಯಕ್ರಮ ಬದಲಾದ ವರ್ಷ ಒಬ್ಬ ಶಿಕ್ಷಕನ ದಿನ ಹೇಗೆ ಬದಲಾಯಿತು ಎಂದು ನೋಡಿದ್ದನ್ನು ನಾನು ಓದಿದ್ದು ಬಹಳ ಕಡಿಮೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನ ಕೆಸರು. ಆ ತಿಂಗಳುಗಳಿಗೆ ಜಗುಲಿಯಲ್ಲಿ ಮಾಡಬಹುದಾದ ಪಾಠಗಳನ್ನು ಅಲ್ಲಿನ ಶಿಕ್ಷಕರು ತಾವೇ ಕಂಡುಕೊಂಡಿದ್ದಾರೆ, ಯಾರೂ ಸಂಗ್ರಹಿಸಿಲ್ಲ. ಮೈನೆರೆದ ಹೆಣ್ಣುಮಕ್ಕಳನ್ನು ಮತ್ತೆ ಮೈದಾನಕ್ಕೆ ಕರೆತರುವ ಉಪಾಯ ಮಹಿಳಾ ದೈಹಿಕ ಶಿಕ್ಷಕರಿಗೆ ಗೊತ್ತು, ತರಬೇತಿ ಕೈಪಿಡಿ ಬರೆಯುವ ಸಮಿತಿಗಳಲ್ಲಿ ಅವರು ವಿರಳ. ಅಂಗವಿಕಲ ಮಗು ಬಂದರೆ ಸ್ಕೋರ್ ಬರೆಯಲು ಕೂರಿಸುವುದು ಬಿಟ್ಟು ಬೇರೆ ದಾರಿಯನ್ನು ಯಾವ ತರಬೇತಿಯೂ ತೋರಿಸಿದ್ದನ್ನು ನಾನು ಕಂಡಿಲ್ಲ.

ಇನ್ನು ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರು. ಹುದ್ದೆಯ ಹೆಸರಿನಂತೆ ಶಾಲೆಯಿಂದ ಶಾಲೆಗೆ ಹೋಗಿ ಪಾಠ ನೋಡಿ ಕೈಹಿಡಿಯಬೇಕಾದವರು ಅವರೇ. ಆದರೆ ವಲಯ, ಹೋಬಳಿ, ತಾಲ್ಲೂಕು, ಜಿಲ್ಲಾ ಕ್ರೀಡಾಕೂಟ, ನಡುವೆ ಆಗಸ್ಟ್ 15ರ ಸಾಮೂಹಿಕ ಕವಾಯತು, ಆಮೇಲೆ ರಾಜ್ಯೋತ್ಸವ, ಜನವರಿ 26. ಶಾಲೆ ತೆರೆದ ತಿಂಗಳಿಂದಲೇ ಅವರ ಕೈಯಲ್ಲಿ ಟ್ರ್ಯಾಕಿನ ಅಳತೆಪಟ್ಟಿ, ಪ್ರಮಾಣಪತ್ರದ ಕಟ್ಟು. ಹೊಸ ಪುಸ್ತಕದ ತರಬೇತಿಯೂ ಸಾಮಾನ್ಯವಾಗಿ ಇದೇ ತಿಂಗಳುಗಳಲ್ಲಿ ಬೀಳುತ್ತದೆ. ಮೇಷ್ಟ್ರು ಅರ್ಧ ದಿನ ಕೂತು, ತಂಡ ಕಟ್ಟಿಕೊಂಡು ಬಸ್ ಹತ್ತುತ್ತಾರೆ. ಕ್ರೀಡಾಕೂಟದ ಸಂಘಟನೆಯನ್ನು ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆಯ ಜೊತೆ ಹಂಚಿಕೊಂಡು, ಪರಿವೀಕ್ಷಕರ ಕರ್ತವ್ಯಪಟ್ಟಿಯಲ್ಲಿ ಪಾಠ ವೀಕ್ಷಣೆಗೆ ವಾರಕ್ಕೆ ಎರಡು ದಿನ ಮೀಸಲಿಟ್ಟು, ತರಬೇತಿಯನ್ನು ಕೂಟಗಳು ಮುಗಿದ ಡಿಸೆಂಬರ್ ನಂತರಕ್ಕೆ ಹಾಕಿದರೆ ಸಾಕು, ಕೆಲಸ ಶುರುವಾಗುತ್ತದೆ. ಇದಕ್ಕೆ ಆಯೋಗ ಬೇಡ, ಇಲಾಖೆಯ ಒಂದು ಸುತ್ತೋಲೆ ಸಾಲುತ್ತದೆ.