ಜೀರ್ಣೋದ್ಧಾರದ ಎರಡು ದಾರಿಗಳು

ಬೆಂಕಿಗೆ ಆಹುತಿಯಾದ ಪುರಾತನ ಕಟ್ಟಡವನ್ನು ಇದ್ದಂತೆಯೇ ಕಟ್ಟಬೇಕೋ, ಹೊಸ ಕಾಲಕ್ಕೆ ಒಪ್ಪುವಂತೆ ಕಟ್ಟಬೇಕೋ? ಇತಿಹಾಸವು ಇದಕ್ಕೆ ಎರಡು ಬಗೆಯ ಉತ್ತರಗಳನ್ನು ಕೊಟ್ಟಿದೆ.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹ ಸಂದರ್ಭದಲ್ಲಿ ಮೈಸೂರಿನ ಮರದ ಅರಮನೆಯು ಅಗ್ನಿಗೆ ತುತ್ತಾಯಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೊಸ ಸೌಧದ ಹೊಣೆಯನ್ನು ಹೆನ್ರಿ ಇರ್ವಿನ್ ಅವರಿಗೆ ವಹಿಸಿದರು. 1912ರಲ್ಲಿ ಪೂರ್ಣಗೊಂಡ ಆ ಅರಮನೆಯಲ್ಲಿ ಮರಕ್ಕೆ ಬದಲಾಗಿ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣಗಳಿಗೆ ಪ್ರಾಧಾನ್ಯ ದೊರೆಯಿತು.

2019ರ ಏಪ್ರಿಲ್ 15ರಂದು ಪ್ಯಾರಿಸ್ ನಗರದ ನೋತ್ರ್ ದಾಮ್ ಮಹಾಮಂದಿರದ ಛಾವಣಿಯೂ ಶಿಖರವೂ ಉರಿದು ಬಿದ್ದವು. ಗಾಜಿನ ಛಾವಣಿಯೇ ಮೊದಲಾದ ನವೀನ ಸಲಹೆಗಳು ಬಂದವು. ಬಿದ್ದ ಶಿಖರವಾದರೂ 19ನೆಯ ಶತಮಾನದ್ದೇ! ಆದರೂ 2020ರಲ್ಲಿ ಪೂರ್ವರೂಪವೇ ನಿಶ್ಚಯವಾಯಿತು. ಸುಮಾರು 2000 ಓಕ್ ಮರಗಳಿಂದ ಮೇಲ್ಗಟ್ಟನ್ನು ಮರಳಿ ಕಟ್ಟಿದರು. ಜೊತೆಗೆ ಬೆಂಕಿಯನ್ನಡಗಿಸುವ ತುಂತುರು ನೀರಿನ ಹೊಸ ಯಂತ್ರವ್ಯವಸ್ಥೆಯನ್ನೂ ಅಳವಡಿಸಿದರು. 2024ರ ಡಿಸೆಂಬರಿನಲ್ಲಿ ಮಂದಿರದ ಬಾಗಿಲು ತೆರೆಯಿತು.

ನಾಲತವಾಡದ ಸೀಮೆಯವರಿಗೆ ಇದು ದೂರದ ಮಾತಲ್ಲ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಕೂಡಲಸಂಗಮದಲ್ಲಿ ಏರಿದಾಗ ಬಸವಣ್ಣನವರ ಐಕ್ಯಸ್ಥಳವನ್ನು ಬೇರೆಡೆಗೆ ಸಾಗಿಸಲಿಲ್ಲ. ಸುತ್ತಲೂ ಬಾವಿಯಂತೆ ಗೋಡೆಯನ್ನೆಬ್ಬಿಸಿ, ಮೆಟ್ಟಿಲಿಳಿದು ದರ್ಶನ ಪಡೆಯುವಂತೆ ಮಾಡಿದರು. ಸ್ಥಳ ಹಳೆಯದು, ರಕ್ಷಣೆ ಹೊಸದು.

ಅರಮನೆಯು ವಾಸದ ಮನೆ, ಅದು ಬದಲಾದೀತು. ಜನರ ನೆನಹು ನೆಲೆಸಿದ ತಾಣಕ್ಕೆ ಆ ನ್ಯಾಯ ಸಲ್ಲದು. ನಿಮ್ಮೂರಿನ ಹಳೆಯ ಗುಡಿಯನ್ನು ಕೆಡವಿ ಸಿಮೆಂಟಿನ ಗೋಪುರ ಕಟ್ಟುವ ಮಾತು ಬಂದಾಗ, ಅಲ್ಲಿಯ ಕೆತ್ತನೆಯ ಕಂಬಗಳನ್ನೂ ಶಾಸನದ ಕಲ್ಲುಗಳನ್ನೂ ಮೊದಲು ನೋಡಿರಿ. ಒಮ್ಮೆ ಒಡೆದ ಶಾಸನವನ್ನು ಯಾವ ಶಿಲ್ಪಿಯೂ ಮತ್ತೆ ಬರೆಯಲಾರನು.