ಮೂವರು, ಮೂರು ವೇಳೆ, ಒಂದೇ ಕೋಡ್

ಬೆಳಿಗ್ಗೆ ಒಂಬತ್ತಕ್ಕೆ ಘಾಟ್ಕೋಪರ್ ಸ್ಟೇಷನ್ನಿನಲ್ಲಿ ನಿಂತವರಿಗೆ ಮರ್ಜ್ ಕಾನ್ಫ್ಲಿಕ್ಟ್ ಅಂದ್ರೇನು ಅಂತ ಹೇಳಿಕೊಡಬೇಕಾಗಿಲ್ಲ. 2014ರಲ್ಲಿ ಮೆಟ್ರೋ ಬಂದ ಮೇಲಂತೂ ಲೋಕಲ್ ಇಳಿದವರು ಮೇಲಕ್ಕೆ, ಮೆಟ್ರೋ ಇಳಿದವರು ಕೆಳಕ್ಕೆ, ನಡುವೆ ನಾವು.

ಈಚೆಗೆ ಆ ಗದ್ದಲ ದಾಟಿಕೊಂಡು ನನ್ನ ಅಕ್ಕನ ಮಗ ಮನೆಗೆ ಬಂದ. ಇಂಜಿನಿಯರಿಂಗ್ ಮೂರನೇ ವರ್ಷ. ಎರಡು ತಿಂಗಳು ಕೂತು ಒಂದು ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಕೋಡ್ ಬರೆದಿದ್ದಾನೆ, ಎಲ್ಲವೂ ಒಂದೇ ಬ್ರಾಂಚಿನಲ್ಲಿ. ಅಷ್ಟರಲ್ಲಿ ಮೂಲ ಕೋಡ್ ಬಹಳ ಮುಂದೆ ಹೋಗಿದೆ. ಪುಲ್ ರಿಕ್ವೆಸ್ಟ್ ಹಾಕಿದ್ರೆ ಫೈಲ್ ಫೈಲಿಗೂ ಕಾನ್ಫ್ಲಿಕ್ಟ್. "ಮಾಮ, ಎಲ್ಲಾ ಮೊದಲಿಂದ ಬರೀಬೇಕಾ?" ಅಂದ. ಮುಖ ಸಣ್ಣದಾಗಿತ್ತು.

ಅವನಿಗೆ ನಾನು ಮೊದಲು ಹೇಳಿದ್ದು ಒಂದು ಹಳೇ ಕಥೆ. 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ರೈ ವಿಶ್ವವಿದ್ಯಾಲಯದಲ್ಲಿ ಡಿಕ್ ಗ್ರೂನ ಅನ್ನೋ ಮೇಷ್ಟ್ರು ಇಬ್ಬರು ವಿದ್ಯಾರ್ಥಿಗಳ ಜೊತೆ ಸಿ ಕಂಪೈಲರ್ ಬರೆಯೋಕೆ ಕೂತರು. ಒಬ್ಬ ಹುಡುಗ ಒಂಬತ್ತರಿಂದ ಐದು, ಗಡಿಯಾರದ ಹಾಗೆ. ಇನ್ನೊಬ್ಬ ಯಾವಾಗ ಬರ್ತಾನೆ ಅಂತ ಹೇಳೋಕಾಗಲ್ಲ. ಮೇಷ್ಟ್ರಿಗೆ ಬಿಡುವು ಸಿಗೋದು ಸಂಜೆ ಮಾತ್ರ. ಆಗ ಇದ್ದ ಆರ್‌ಸಿಎಸ್‌ನಲ್ಲಿ ಫೈಲನ್ನ ಒಬ್ಬರು ತೆಗೆದುಕೊಂಡರೆ ಅದಕ್ಕೆ ಬೀಗ. ವಾಪಸ್ ಇಡೋವರೆಗೂ ಉಳಿದವರು ಕಾಯಬೇಕು. ಎರಡನೇ ಹುಡುಗ ಬೀಗ ಹಾಕಿ ಎಲ್ಲೋ ಹೋದರೆ ಮೂವರ ಕೆಲಸವೂ ನಿಂತಂತೆ. ಹಾಗಾಗಿ ಗ್ರೂನ ಆರ್‌ಸಿಎಸ್ ಮೇಲೆ ಒಂದಷ್ಟು ಶೆಲ್ ಸ್ಕ್ರಿಪ್ಟ್ ಬರೆದರು: ಪ್ರತಿಯೊಬ್ಬರಿಗೂ ಅವರದೇ ಪ್ರತಿ, ತಮ್ಮ ವೇಳೆಗೆ ತಾವು ಕಮಿಟ್ ಮಾಡಿ, ಆಮೇಲೆ ಸೇರಿಸೋಣ. 1986ರಲ್ಲಿ ಅದನ್ನ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಸಿವಿಎಸ್. ಇಂದಿನ ಅರ್ಥದ ಬ್ರಾಂಚ್ ಅದಲ್ಲ, ನಿಜ. ಆದರೆ ನಾವು ಕಂಪನಿಗಳ ಕೊಡುಗೆ ಅಂದುಕೊಂಡಿರೋ ಈ ಪದ್ಧತಿ ಹುಟ್ಟಿದ್ದು ವಿದ್ಯಾರ್ಥಿಗಳ ವೇಳಾಪಟ್ಟಿಯ ತಾಪತ್ರಯದಿಂದ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಮುಂಬೈ ಕನ್ನಡಿಗರ ತಲೆಮಾರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

2005ಕ್ಕೆ ಬನ್ನಿ. ಏಪ್ರಿಲ್‌ನಲ್ಲಿ ಬಿಟ್‌ಕೀಪರ್ ಕೈಕೊಟ್ಟಿತು ಅಂತ ಲೀನಸ್ ಟೊರ್ವಾಲ್ಡ್ಸ್ ಗಿಟ್ ಬರೆಯೋಕೆ ಶುರುಮಾಡಿದರು. ಅದೇ ವರ್ಷ ಬೇಸಿಗೆಯಲ್ಲಿ ಗೂಗಲ್ ಸಮ್ಮರ್ ಆಫ್ ಕೋಡ್ ಶುರು. ಒಂದು ಕಡೆ ಬ್ರಾಂಚ್ ಮಾಡೋದು ಕ್ಷಣದ ಕೆಲಸವಾಯ್ತು, ಇನ್ನೊಂದು ಕಡೆ ಹಿಂಡು ಹಿಂಡಾಗಿ ವಿದ್ಯಾರ್ಥಿಗಳು ಬಂದರು. ಗಿಟ್ ತನ್ನದೇ ಕೋಡನ್ನ ಹೇಗೆ ನೋಡಿಕೊಳ್ಳುತ್ತೆ ಅನ್ನೋದು ನನಗೆ ಎಲ್ಲಕ್ಕಿಂತ ಇಷ್ಟ. 2005ರ ಜುಲೈನಿಂದ ಅದರ ಉಸ್ತುವಾರಿ ಜುನಿಯೊ ಹಮಾನೊ ಅವರದು. ಅಲ್ಲಿ ಒಂದು ವಿಷಯಕ್ಕೆ ಒಂದು ಬ್ರಾಂಚ್, ಹೆಸರಿನಲ್ಲೇ ಬರೆದವರ ಇನಿಷಿಯಲ್. ಹೊಸ ಕೆಲಸ ಮೊದಲು 'ಸೀನ್' ಅನ್ನೋ ಬ್ರಾಂಚಿಗೆ, ಆಮೇಲೆ 'ನೆಕ್ಸ್ಟ್'ಗೆ, ಪಕ್ವವಾದರೆ 'ಮಾಸ್ಟರ್'ಗೆ. ಈ ಬಡ್ತಿಗೆ ಅವರು ಬಳಸೋ ಪದ ಗ್ರಾಜುಯೇಟ್! ವಿದ್ಯಾರ್ಥಿಯ ಕೋಡ್ ಇರಲಿ, ಹಳಬರದ್ದಿರಲಿ, ಹಾದಿ ಒಂದೇ.

ನಮ್ಮ ಮನೆಯಿಂದ ಆಟೋ ಹತ್ತಿದ್ರೆ ಪವಾಯಿ. ಅಲ್ಲಿ ಐಐಟಿ ಬಾಂಬೆಯ ಫಾಸೀ ಯೋಜನೆ ಬೇರೆಯೇ ದಾರಿ ಹಿಡಿಯಿತು. ಅವರ ಸೈಲ್ಯಾಬ್ ಟೆಕ್ಸ್ಟ್‌ಬುಕ್ ಕಂಪ್ಯಾನಿಯನ್‌ನಲ್ಲಿ ವಿದ್ಯಾರ್ಥಿ ಒಂದು ಪಠ್ಯಪುಸ್ತಕ ಆರಿಸಿಕೊಂಡು ಅದರಲ್ಲಿ ಬಿಡಿಸಿದ ಲೆಕ್ಕಗಳಿಗೆ ಕೋಡ್ ಬರೀತಾನೆ. ನನ್ನ ಪುಸ್ತಕಕ್ಕೂ ನಿನ್ನ ಪುಸ್ತಕಕ್ಕೂ ಜಗಳವೇ ಇಲ್ಲ. ಜಾಣತನದ ಹಂಚಿಕೆ. ಆದರೆ ಅವರದೇ ಇಸಿಮ್‌ನಂಥ ಸಾಫ್ಟ್‌ವೇರಿಗೆ ಈ ಉಪಾಯ ನಡೆಯಲ್ಲ. ಅಲ್ಲಿ ಎಲ್ಲರೂ ಒಂದೇ ಕೋಡಿಗೆ ಕೈ ಹಾಕಬೇಕು.

ಹುಡುಗರ ಬಗ್ಗೆ ಮೇಂಟೇನರ್‌ಗಳು ಸಿಡುಕೋದಕ್ಕೂ ಕಾರಣ ಇದೆ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಟಿ-ಶರ್ಟ್ ಆಸೆಗೆ ರೀಡ್‌ಮಿ ಫೈಲಿಗೆ ಒಂದೆರಡು ಪದ ಸೇರಿಸಿದ ಪುಲ್ ರಿಕ್ವೆಸ್ಟ್‌ಗಳ ಮಳೆ ಸುರೀತು. ಅಕ್ಟೋಬರ್ ಮೊದಲ ವಾರದಲ್ಲೇ ನಿಯಮ ಬದಲಿಸಿ, ಒಪ್ಪಿದ ಪ್ರಾಜೆಕ್ಟುಗಳಿಗೆ ಮಾತ್ರ ಅಂತ ಮಾಡಬೇಕಾಯ್ತು. ಅಂಥ ಸಂತೆಯಲ್ಲಿ ಎರಡು ತಿಂಗಳು ನಿಜವಾಗಿ ದುಡಿದವನ ಕೆಲಸ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಎಂಟೆಕ್ ಮಾಡುವಾಗ ನಾನು ಬರೆದ ಒಂದು ಬ್ರಾಂಚ್ ಇವತ್ತಿಗೂ ಮರ್ಜ್ ಆಗದೆ ಬಿದ್ದಿದೆ. ತಪ್ಪು ನನ್ನದೇ. ಪೂರ್ತಿ ಆಗ್ಲಿ, ಆಮೇಲೆ ತೋರಿಸ್ತೀನಿ ಅಂತ ಕೂತಿದ್ದೆ.

ಅಳಿಯನ ಜೊತೆ ಒಂದು ಭಾನುವಾರ ಕೂತು ಅವನ ದೊಡ್ಡ ಬ್ರಾಂಚನ್ನ ಪಕ್ಕಕ್ಕಿಟ್ಟೆವು, ಅಳಿಸಲಿಲ್ಲ. ಮೂಲದ ಹೊಸ ಕೋಡ್ ತಂದು, ಅದರಿಂದ ಸಣ್ಣ ಬ್ರಾಂಚ್ ಕಡಿದು, ಒಂದು ಬಗ್ ಸರಿಪಡಿಸಿದ ಎರಡೇ ಕಮಿಟ್‌ಗಳನ್ನ ಚೆರ್ರಿ-ಪಿಕ್ ಮಾಡಿ ಕಳಿಸಿದ. ಅದು ನಾಲ್ಕು ದಿನದಲ್ಲಿ ಮರ್ಜ್ ಆಯ್ತು. ರಾತ್ರಿ ಹನ್ನೊಂದಕ್ಕೆ ಸ್ಕ್ರೀನ್‌ಶಾಟ್ ಕಳಿಸಿದ್ದ. ಎರಡನೆಯದು ರಿವ್ಯೂನಲ್ಲಿದೆ. ಮೂರನೆಯದಕ್ಕೆ ಕೈ ಹಾಕೋದು ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ. ಅದನ್ನ ಪ್ರಾಜೆಕ್ಟಿನವರಿಗೆ ಎರಡು ಸಾಲಿನಲ್ಲಿ ಬರೆದು ತಿಳಿಸಿದ್ದಾನೆ.