ಬಿಸಿಲು ಕಾಪಾಡಿದ ಊರಿಗೆ ಹೋಗುವ ಮುನ್ನ



ಮುಂದಿನ ರಜೆಗೆ ಈಜಿಪ್ಟಿಗೆ ಹೋಗಿಬರೋಣವೆಂದು ನಿಮ್ಮಲ್ಲಿ ಕೆಲವರಾದರೂ ಲೆಕ್ಕ ಹಾಕುತ್ತಿರಬಹುದು. ಪಿರಮಿಡ್ಡುಗಳು, ನೈಲ್ ನದಿ, ಟುಟಾಂಖಾಮನ್‌ನ ಚಿನ್ನದ ಮುಖವಾಡ ಎಲ್ಲವೂ ಆಗಲೇ ಮನಸ್ಸಿನಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಟಿಕೆಟ್ ತೆಗೆಸುವ ಮುನ್ನ ಒಂದು ಮಾತು ಕೇಳಿ. ಆ ದೇಶದ ಹಳೆಯ ವಸ್ತುಗಳನ್ನು ನಮ್ಮ ಕಾಲದವರೆಗೆ ಉಳಿಸಿಕೊಟ್ಟದ್ದರಲ್ಲಿ ಅಲ್ಲಿನ ಒಣ ಬಿಸಿಲಿನ ಪಾಲು ದೊಡ್ಡದು. ಆದ್ದರಿಂದ ನಿಮ್ಮ ಪ್ರವಾಸದ ವೇಳಾಪಟ್ಟಿಯನ್ನೂ ಬಿಸಿಲನ್ನು ಕೇಳಿಯೇ ಬರೆಯಬೇಕು.

ಲಕ್ಸರ್ ಊರನ್ನೇ ತೆಗೆದುಕೊಳ್ಳಿ. ಕೈರೋದಿಂದ ದಕ್ಷಿಣಕ್ಕೆ ಸುಮಾರು 650 ಕಿ.ಮೀ. ದೂರದ ಈ ಊರೇ ಹಿಂದಿನ ಥೀಬ್ಸ್. ನೈಲ್ ನದಿಯ ಪೂರ್ವ ದಡದಲ್ಲಿ, ಅಂದರೆ ಸೂರ್ಯ ಹುಟ್ಟುವ ಕಡೆ, ಕಾರ್ನಾಕ್ ಮತ್ತು ಲಕ್ಸರ್ ದೇವಾಲಯಗಳಿವೆ. ಸೂರ್ಯ ಮುಳುಗುವ ಪಶ್ಚಿಮದ ಬೋಳು ಗುಡ್ಡಗಳಲ್ಲಿ ಅರಸರ ಗೋರಿಗಳಿವೆ. ಮಳೆ ಅಲ್ಲಿ ತೀರಾ ಅಪರೂಪ, ಹವೆಯಲ್ಲಿ ತೇವವೂ ಕಡಿಮೆ. ಹೀಗಾಗಿ ಮೂರು ಸಾವಿರ ವರ್ಷಗಳ ಹಿಂದೆ ಬಳಿದ ಬಣ್ಣ ಗೋಡೆಯ ಮೇಲಿದೆ, ಅಂದು ಬರೆದ ಪಪೈರಸ್ ಹಾಳೆಯೂ ಕೊಳೆಯದೆ ಉಳಿದಿದೆ.

ಉಳಿದದ್ದು ಅರಸರ ವೈಭವವಷ್ಟೇ ಅಲ್ಲ. ಈ ಗೋರಿಗಳನ್ನು ಕೊರೆದ ಕೆಲಸಗಾರರ ಊರು ಪಕ್ಕದ ದೇರ್ ಎಲ್ ಮದೀನಾ. ಕ್ರಿ.ಪೂ. 12ನೆಯ ಶತಮಾನದಲ್ಲಿ, ಮೂರನೆಯ ರಾಮ್ಸೆಸ್ ಆಳುತ್ತಿದ್ದ 29ನೆಯ ವರ್ಷ, ಕೂಲಿಯ ಕಾಳು ಸಮಯಕ್ಕೆ ಬರಲಿಲ್ಲವೆಂದು ಇವರು ಕೆಲಸ ಬಿಟ್ಟು ದೇವಾಲಯಗಳ ಬಳಿ ಹೋಗಿ ಕುಳಿತರು. ದಾಖಲೆಯಲ್ಲಿ ಸಿಗುವ ಅತಿ ಹಳೆಯ ಮುಷ್ಕರ ಇದು. ಆ ಪಪೈರಸ್ ಈಗ ಇಟಲಿಯ ಟ್ಯೂರಿನ್ ವಸ್ತು ಸಂಗ್ರಹಾಲಯದಲ್ಲಿದೆ. ಊರಿನ ಅಡಿಪಾಯದ ಗೋಡೆಗಳು ಮಾತ್ರ ಅಲ್ಲೇ ಇವೆ. ಅರಸರ ಕಣಿವೆ ನೋಡಿದವರು ಈ ಓಣಿಗಳಿಗೂ ಒಂದು ಗಂಟೆ ಕೊಡಿ.

ಕನ್ನಡ ಓದಿದವರಿಗೆ ಈಜಿಪ್ಟಿನ ಇನ್ನೊಂದು ಹಾಳೆಯೂ ನೆನಪಿಗೆ ಬರುತ್ತದೆ. ಕೈರೋದ ದಕ್ಷಿಣಕ್ಕಿರುವ ಆಕ್ಸಿರಿಂಕಸ್ ಎಂಬಲ್ಲಿ, ಹಳೆಯ ಊರಿನ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಅಗೆಸಿದರು. ಅಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನ 1903ರಲ್ಲಿ ಅಚ್ಚಾಯಿತು. ಭಾರತದ ಕಡಲ ತೀರದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣೊಬ್ಬಳ ಬಿಡುಗಡೆಯೇ ಅದರ ಕಥೆ. ಅಲ್ಲಿನ ರಾಜ ಮತ್ತು ಅವನ ಕಡೆಯವರು ಆಡುವ ಅರ್ಥವಾಗದ ಮಾತು ಕನ್ನಡವೆಂದು ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸರು 1904ರಲ್ಲಿ ವಾದಿಸಿದರು. ಎಲ್ಲರೂ ಒಪ್ಪಿಲ್ಲ, ಚರ್ಚೆ ಮುಗಿದಿಲ್ಲ. ಅದು ಕನ್ನಡವಿರಲಿ, ಬಿಡಲಿ, ಸುಮಾರು ಎರಡನೆಯ ಶತಮಾನದ ಆ ಹಾಳೆ ನಮ್ಮ ಕೈಗೆ ಸಿಕ್ಕಿದ್ದು ಆ ನೆಲ ಒಣಗಿದ್ದರಿಂದ.

ಇನ್ನು ನಿಮ್ಮ ಯೋಜನೆಗೆ ಬರೋಣ. ಮಕ್ಕಳ ಶಾಲೆಗೆ ದೊಡ್ಡ ರಜೆ ಏಪ್ರಿಲ್-ಮೇ ತಿಂಗಳಲ್ಲಿ ಎಂದು ಆಗಲೇ ಹೊರಡಬೇಡಿ. ಆ ಹೊತ್ತಿಗೆ ಲಕ್ಸರ್ ಕಾದ ಕಾವಲಿಯಾಗುತ್ತಿರುತ್ತದೆ, ಖಂಸೀನ್ ಎಂಬ ಮರಳುಗಾಳಿಯೂ ಏಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಹಿತ. ರಾತ್ರಿಗೊಂದು ಸ್ವೆಟರ್ ಇರಲಿ. ಮುಂಬಯಿ, ಚೆನ್ನೈಯಲ್ಲಿ ಬೆವರು ಮೈಗಂಟಿ ದಣಿವನ್ನು ನೆನಪಿಸುತ್ತದೆ. ಲಕ್ಸರ್‌ನಲ್ಲಿ ಅದು ಗೊತ್ತಾಗುವ ಮೊದಲೇ ಆರಿಹೋಗುತ್ತದೆ. ಆದ್ದರಿಂದ ಬಾಯಾರಿಕೆಗೆ ಕಾಯದೆ ನೀರು ಕುಡಿಯುತ್ತಿರಿ.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಕಾರ್ನಾಕ್‌ನಲ್ಲಿರಿ. ಅಲ್ಲಿನ ದೊಡ್ಡ ಸಭಾಂಗಣದ 134 ಕಂಬಗಳ ಮೇಲೆ ಒಮ್ಮೆ ಸೂರಿತ್ತು, ಎತ್ತರದ ಜಾಲಂಧ್ರಗಳಿಂದ ಮಾತ್ರ ಬೆಳಕು ಇಳಿಯುತ್ತಿತ್ತು. ಈಗ ಸೂರು ಬಿದ್ದಿದೆ, ನಡುಹಗಲಿನ ಬಿಸಿಲು ನೇರವಾಗಿ ನಿಮ್ಮ ತಲೆಗೆ. ಮಧ್ಯಾಹ್ನ ವಿಶ್ರಾಂತಿ ಪಡೆದು, ದೀಪ ಹಚ್ಚಿದ ಮೇಲೆ ಲಕ್ಸರ್ ದೇವಾಲಯ ನೋಡಿ. ಇನ್ನೊಂದು ಬೆಳಿಗ್ಗೆಯನ್ನು ಅರಸರ ಕಣಿವೆಗೆ ಮೀಸಲಿಡಿ.

ಆ ಕಣಿವೆಯಲ್ಲಿ 60ಕ್ಕೂ ಹೆಚ್ಚು ಗೋರಿಗಳಿವೆ. ಸಾಮಾನ್ಯ ಟಿಕೆಟ್ಟಿಗೆ ಮೂರನ್ನು ನೋಡಬಹುದು. ಟುಟಾಂಖಾಮನ್ ಗೋರಿಗೆ ಬೇರೆ ಟಿಕೆಟ್. ಹೊವಾರ್ಡ್ ಕಾರ್ಟರ್ 1922ರಲ್ಲಿ ಪತ್ತೆ ಹಚ್ಚಿದ ಈ ಗೋರಿಯಲ್ಲಿ ಅರಸನ ಮಮ್ಮಿ ಇದೆ, ಆದರೆ ಮುಖವಾಡ ಮತ್ತಿತರ ನಿಧಿ ನೋಡಲು 2025ರ ನವೆಂಬರ್‌ನಲ್ಲಿ ತೆರೆದ ಗೀಜಾದ ಹೊಸ ವಸ್ತು ಸಂಗ್ರಹಾಲಯಕ್ಕೇ ಹೋಗಬೇಕು.

ಗೋರಿಯೊಳಗೆ ಇಳಿಯುವಾಗ ಒಂದು ವಿಷಯ ನೆನಪಿರಲಿ. ಅಲ್ಲಿನ ಬಣ್ಣಗಳಿಗೆ ತೇವವೇ ಶತ್ರು, ಆ ತೇವವನ್ನು ಈಗ ಒಳಗೆ ಒಯ್ಯುತ್ತಿರುವವರು ನಾವು. ಪ್ರತಿ ಪ್ರವಾಸಿಯ ಉಸಿರು, ಬೆವರು, ಚಪ್ಪಲಿಯ ಧೂಳು ಅಲ್ಲೇ ಉಳಿಯುತ್ತದೆ. ಈ ಕಾರಣಕ್ಕೇ ಗೆಟ್ಟಿ ಸಂಸ್ಥೆ ಈಜಿಪ್ಟ್ ಸರ್ಕಾರದೊಡನೆ ಸೇರಿ ಟುಟಾಂಖಾಮನ್ ಗೋರಿಗೆ ಹೊಸ ಗಾಳಿಯಾಟದ ವ್ಯವಸ್ಥೆ ಮಾಡಿತು; 2019ರಲ್ಲಿ ಆ ಯೋಜನೆ ಮುಗಿಯಿತು. ಗೋರಿಯ ಪಡಿಯಚ್ಚೊಂದು 2014ರಿಂದ ಕಾರ್ಟರ್ ಮನೆಯ ಬಳಿ ಇದೆ. ಅಲ್ಲಿ ಚಿತ್ರಗಳನ್ನು ಹತ್ತಿರದಿಂದ, ಆತುರವಿಲ್ಲದೆ ನೋಡಬಹುದು.

ಅಸಲಿ ಗೋರಿಗೆ ಹೋಗಲೇಬೇಡಿ ಎನ್ನುವುದಿಲ್ಲ. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬರಲು ಯಾರಿಗೆ ಮನಸ್ಸಾದೀತು? ಹತ್ತು ಗೋರಿಗೆ ಓಡುವ ಬದಲು ಎರಡು ಮೂರನ್ನು ಆರಿಸಿಕೊಳ್ಳಿ. ಗೋಡೆ ಮುಟ್ಟಬೇಡಿ, ಮಕ್ಕಳಿಗೂ ಕಾರಣ ಹೇಳಿ. ನಾಳೆ ಅವರ ಮಕ್ಕಳು ಅಲ್ಲಿಗೆ ಹೋದಾಗಲೂ ಆ ಬಣ್ಣ ಗೋಡೆಯ ಮೇಲಿರಬೇಕಲ್ಲವೇ?

ನಿಮ್ಮ ಪ್ರಯಾಣ ಸುಖಕರವಾಗಿರಲಿ. ಟೋಪಿ ಮರೆಯಬೇಡಿ.